ಆನಂದಿಬಾಯಿಯ ಬೇಸಿಗೆ ಮತ್ತು ಕ್ಷಯರೋಗ

ದಿವಾ ನಿಲ್ದಾಣದಲ್ಲಿ ಕಲ್ಯಾಣದ ಲೋಕಲ್ ಗಾಡಿ ಹತ್ತಿದರೆ ಕೋಪರ್, ಡೊಂಬಿವಲಿ, ಠಾಕುರ್ಲಿ ದಾಟಿ ನಾಲ್ಕನೆಯ ನಿಲ್ದಾಣವೇ ಕಲ್ಯಾಣ. ರೈಲುಹಳಿ ಆ ಊರನ್ನು ಮುಟ್ಟಿದ್ದು 1854ರಲ್ಲಿ. ಹನ್ನೊಂದು ವರ್ಷಗಳ ತರುವಾಯ, 1865ರಲ್ಲಿ ಜನಿಸಿ ಅಲ್ಲಿಯೇ ಬೆಳೆದ ಯಮುನಾ ಎಂಬ ಬಾಲಕಿ ಮುಂದೆ ಡಾ. ಆನಂದಿಬಾಯಿ ಜೋಶಿ ಎಂಬ ಹೆಸರಿನಿಂದ ಪಾಶ್ಚಾತ್ಯ ವೈದ್ಯಪದವಿ ಪಡೆದ ಮೊದಲ ಭಾರತೀಯ ಮಹಿಳೆಯಾದಳು. ಉನ್ನತ ವ್ಯಾಸಂಗಕ್ಕಾಗಿ ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವ ತಂದೆತಾಯಿಗಳು ಆಕೆಯ ಕಥೆಯನ್ನು ಆರೋಗ್ಯದ ದೃಷ್ಟಿಯಿಂದಲೂ ಅರಿತಿರಬೇಕು.

ಒಂಬತ್ತರ ವಯಸ್ಸಿನಲ್ಲಿ ಅಂಚೆ ಇಲಾಖೆಯ ಗೋಪಾಲರಾವ್ ಜೋಶಿಯವರೊಡನೆ ಆಕೆಯ ವಿವಾಹವಾಯಿತು. ಹದಿನಾಲ್ಕರಲ್ಲಿ ಹೆತ್ತ ಗಂಡುಮಗು ಹತ್ತೇ ದಿನ ಬದುಕಿತು. ಹೆಂಗಸರ ಕಾಯಿಲೆಗೆ ಹೆಂಗಸರೇ ವೈದ್ಯರಾಗಬೇಕೆಂಬ ಸಂಕಲ್ಪ ಆ ದುಃಖದಿಂದ ಬಲಗೊಂಡಿತು. 1883ರ ಏಪ್ರಿಲ್‌ನಲ್ಲಿ, ಪತಿಯ ಜೊತೆಯಿಲ್ಲದೆ, ಆಕೆ ಕಲಕತ್ತೆಯಿಂದ ಹಡಗನ್ನೇರಿದಳು. ಆಗ ಆಕೆಗೆ ಹದಿನೆಂಟು ವರ್ಷ. ಹೊರಡುವ ಮೊದಲೇ ತಲೆನೋವು, ಜ್ವರ, ನಿಶ್ಶಕ್ತಿಗಳು ಆಗಾಗ ಬಾಧಿಸುತ್ತಿದ್ದವು ಎಂಬುದನ್ನು ವಾಚಕರು ಗಮನಿಸಬೇಕು.

ಜೂನ್‌ನಲ್ಲಿ ನ್ಯೂಯಾರ್ಕ್ ತಲುಪಿದ ಆನಂದಿಬಾಯಿ ಆ ಬೇಸಿಗೆಯನ್ನು ನ್ಯೂಜರ್ಸಿ ರಾಜ್ಯದ ರೋಸೆಲ್ ಎಂಬಲ್ಲಿ ಶ್ರೀಮತಿ ಕಾರ್ಪೆಂಟರ್ ಎಂಬ ಗೃಹಿಣಿಯ ಮನೆಯಲ್ಲಿ ಕಳೆದಳು. ಪತ್ರಿಕೆಯೊಂದರಲ್ಲಿ ಪ್ರಕಟವಾಗಿದ್ದ ಗೋಪಾಲರಾಯರ ಪತ್ರವನ್ನು ದಂತವೈದ್ಯರ ಕೋಣೆಯಲ್ಲಿ ಸರದಿಗಾಗಿ ಕಾಯುತ್ತ ಓದಿದ್ದ ಈ ತಾಯಿ, ಮುಖ ಕಾಣದ ಹುಡುಗಿಗೆ ಪತ್ರ ಬರೆದು, ಬಳಿಕ ಮನೆಯ ಬಾಗಿಲನ್ನೇ ತೆರೆದರು. ಆನಂದಿಬಾಯಿ ಅಲ್ಲಿಯೂ ಸೀರೆ ಬಿಡಲಿಲ್ಲ, ಸಸ್ಯಾಹಾರ ಬಿಡಲಿಲ್ಲ; ನಮ್ಮ ಕಡೆಯ ಅಡುಗೆ ಮಾಡಿ ಅತಿಥಿಗಳಿಗೂ ಬಡಿಸಿದಳು. ಆಕೆಯ ಪ್ರವಾಸದಲ್ಲಿ ನಿಶ್ಚಿಂತೆಯ ದಿನಗಳೆಂದರೆ ಬಹುಶಃ ಅವೇ.

ಅಕ್ಟೋಬರಿನಲ್ಲಿ ಫಿಲಡೆಲ್ಫಿಯದ ಮಹಿಳಾ ವೈದ್ಯಕೀಯ ಕಾಲೇಜು ಸೇರಿದ ಮೇಲೆ ಸ್ಥಿತಿ ಬದಲಾಯಿತು. ಕೊರೆಯುವ ಚಳಿ, ಒಗ್ಗದ ಆಹಾರ, ಬಿಡುವಿಲ್ಲದ ಓದು ದೇಹವನ್ನು ಸವೆಸಿದವು. 1886ರ ಮಾರ್ಚ್ 11ರಂದು ಪದವಿ ದೊರೆಯಿತು. ಸಮಾರಂಭಕ್ಕೆ ಇಂಗ್ಲೆಂಡಿನಿಂದ ಬಂದಿದ್ದ ಪಂಡಿತಾ ರಮಾಬಾಯಿಯವರು ನಮ್ಮ ಕನ್ನಡ ನೆಲದ ಸಹ್ಯಾದ್ರಿಯ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿದವರು. ಅಷ್ಟು ದೂರದಲ್ಲಿ ಈ ಇಬ್ಬರ ಭೇಟಿಯಾಯಿತೆಂಬುದು ಹೊರನಾಡಿನಲ್ಲಿರುವ ನಮಗೆ ಹೆಮ್ಮೆಯ ಸಂಗತಿ. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಉದ್ಯೋಗವೂ ಕಾದಿತ್ತು. ಆದರೆ ಆನಂದಿಬಾಯಿ ಕ್ಷಯರೋಗದೊಡನೆ ಸ್ವದೇಶಕ್ಕೆ ಮರಳಿದಳು. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಆಕೆ ತೀರಿಕೊಂಡಾಗ ಇಪ್ಪತ್ತೆರಡು ತುಂಬಿರಲಿಲ್ಲ.

ಆಕೆ ಹಡಗನ್ನೇರುವುದಕ್ಕೆ ಒಂದು ವರ್ಷ ಮೊದಲೇ, 1882ರ ಮಾರ್ಚ್ 24ರಂದು, ಜರ್ಮನಿಯ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದ ವಿಷಯ ಪ್ರಕಟಿಸಿದ್ದರು. ಶತ್ರು ಯಾರೆಂದು ತಿಳಿದಿತ್ತು, ಆಯುಧವಿರಲಿಲ್ಲ. ಮೊದಲ ಪರಿಣಾಮಕಾರಿ ಔಷಧವಾದ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ, ಅದೂ ಆಕೆ ಆ ಬೇಸಿಗೆಯನ್ನು ಕಳೆದ ಅದೇ ನ್ಯೂಜರ್ಸಿಯ ರಟ್‌ಗರ್ಸ್ ವಿದ್ಯಾಲಯದಲ್ಲಿ!

ಕ್ಷಯವು ತಟ್ಟೆ ಲೋಟಗಳಿಂದ ಹರಡುವುದಿಲ್ಲ. ಶ್ವಾಸಕೋಶದ ಕ್ಷಯವುಳ್ಳವರು ಕೆಮ್ಮಿದಾಗ, ಮಾತನಾಡಿದಾಗ ಗಾಳಿಯ ಮೂಲಕ ಹರಡುತ್ತದೆ. ಕಿಟಕಿಯಿಲ್ಲದ ಚಾಳಿನ ಕೋಣೆ, ಉಸಿರಾಡಲೂ ಎಡೆಯಿಲ್ಲದ ಬೆಳಗಿನ ಗಾಡಿ ಅದಕ್ಕೆ ಅನುಕೂಲ. ದೇಹವನ್ನು ಹೊಕ್ಕ ರೋಗಾಣು ಕೂಡಲೇ ಕಾಯಿಲೆ ಉಂಟುಮಾಡಬೇಕೆಂದಿಲ್ಲ. ವರ್ಷಗಟ್ಟಲೆ ಸುಪ್ತವಾಗಿದ್ದು, ಪೋಷಣೆ ಕುಂದಿದಾಗ, ಸಿಹಿಮೂತ್ರದಂತಹ ಕಾಯಿಲೆಗಳಿಂದ ನಿರೋಧಶಕ್ತಿ ಇಳಿದಾಗ ತಲೆಯೆತ್ತಬಲ್ಲದು. ಪರವೂರಿನಲ್ಲಿ ಅರೆಹೊಟ್ಟೆಯಲ್ಲಿ ಓದುವ ವಿದ್ಯಾರ್ಥಿಯ ವಿಷಯದಲ್ಲಿ ಇದನ್ನು ಮರೆಯಬಾರದು.

ಆರು ತಿಂಗಳಿಗೂ ಮಿಕ್ಕಿ ಬ್ರಿಟನ್ನಿನಲ್ಲಿ ನೆಲೆಸಲು ಹೊರಡುವ ಭಾರತೀಯರಿಗೆ ವೀಸಾಕ್ಕಾಗಿ ಕ್ಷಯದ ಪರೀಕ್ಷೆ ಕಡ್ಡಾಯ. ಎರಡು ಮೂರು ತಿಂಗಳ ಬೇಸಿಗೆ ವ್ಯಾಸಂಗಕ್ಕೆ ಹೋಗುವವರಿಗೆ ಆ ನಿಬಂಧನೆಯಿಲ್ಲ. ಆದ್ದರಿಂದ ಅಂಥವರ ವಿಷಯದಲ್ಲಿ ಎಚ್ಚರ ವಹಿಸಬೇಕಾದವರು ಮನೆಯವರೇ. ಎರಡು ವಾರಕ್ಕೂ ಮಿಕ್ಕ ಕೆಮ್ಮು, ಸಂಜೆಯ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ ಕಫಪರೀಕ್ಷೆ ಮತ್ತು ಎದೆಯ ಕ್ಷಕಿರಣ ಚಿತ್ರ ಮಾಡಿಸತಕ್ಕದ್ದು. ವಿಮಾನದ ಟಿಕೆಟ್ಟು ವ್ಯರ್ಥವಾಗುವುದೆಂದು ಕೆಮ್ಮನ್ನು ಮುಚ್ಚಿಡುವುದು ನಮ್ಮವರಲ್ಲಿ ಅಪರೂಪವೇನಲ್ಲ. ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ಮದುವೆಯ ಮಾತಿಗೆ ಕುಂದಾದೀತೆಂಬ ಭಯ ಬೇರೆ.

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧೋಪಚಾರ ಸಾಕು. ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಗುಳಿಗೆ ಎರಡೂ ಉಚಿತ. ಪೋಷಣೆಗಾಗಿ ನೀಡುವ ಸಹಾಯಧನವನ್ನು 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿಗೆ ಏರಿಸಲಾಗಿದೆ. ಒಂದೆರಡು ತಿಂಗಳಲ್ಲಿ ಚೇತರಿಕೆ ಕಂಡಿತೆಂದು ಗುಳಿಗೆ ನಿಲ್ಲಿಸಿದರೆ ರೋಗಾಣು ಔಷಧಕ್ಕೆ ಬಗ್ಗದಂತಾಗುತ್ತದೆ. ಪ್ರಯಾಣ ಮುಂದೂಡಬೇಕೆಂದು ವೈದ್ಯರು ಹೇಳಿದರೆ ಮುಂದೂಡಬೇಕು. ಚಿಕಿತ್ಸೆಯ ನಡುವೆಯೇ ಹೊರಡಲು ಅವರು ಅನುಮತಿ ಕೊಟ್ಟಲ್ಲಿ, ಅಲ್ಲಿರುವಷ್ಟು ದಿನಗಳಿಗೆ ಸಾಲುವ ಗುಳಿಗೆಗಳನ್ನೂ ವೈದ್ಯರ ಚೀಟಿಯನ್ನೂ ಕೈಚೀಲದಲ್ಲಿಯೇ ಇಟ್ಟುಕೊಂಡಿರಬೇಕು. ದೊಡ್ಡ ಪೆಟ್ಟಿಗೆ ದಾರಿಯಲ್ಲಿ ತಪ್ಪಿಹೋಗುವುದುಂಟು.