ದಾರಿ ತಪ್ಪಿದ ಮೀನುಗಳು ತೋರಿಸಿದ ದಾರಿ

ಅಂಗೈಗಿಂತ ಚಿಕ್ಕದಾದ ಗಾಜಿನ ಬಟ್ಟಲು. ಅದರ ಸುತ್ತ ಕಪ್ಪು ಬಿಳಿ ಪಟ್ಟೆ ಬಳಿದ ಡ್ರಮ್ಮೊಂದು ನಿಧಾನವಾಗಿ ತಿರುಗುತ್ತಿದೆ. ಬಟ್ಟಲಿನೊಳಗೆ, ಅಲುಗಾಡದಂತೆ ಅಂಟುದ್ರವದಲ್ಲಿ ಕೂರಿಸಿದ ಐದು ದಿನದ ಮೀನುಮರಿ. ಉದ್ದ ಅಕ್ಕಿಕಾಳಿಗಿಂತಲೂ ಕಡಿಮೆ. ಪಟ್ಟೆ ಬಲಕ್ಕೆ ಸರಿದರೆ ಮರಿಯ ಕಣ್ಣೂ ಬಲಕ್ಕೆ ಸರಿಯಬೇಕು. ಬಸ್ಸಿನ ಕಿಟಕಿಯಾಚೆ ಓಡುವ ಲೈಟುಕಂಬವನ್ನು ನಮ್ಮ ಕಣ್ಣು ಹಿಂಬಾಲಿಸಿ, ತಟ್ಟನೆ ಮರಳಿ ಮುಂದಿನ ಕಂಬವನ್ನು ಹಿಡಿಯುತ್ತದಲ್ಲ, ಹಾಗೆ. ಆದರೆ ಈ ಮರಿಯ ಕಣ್ಣು ಎಡಕ್ಕೆ ಸರಿಯುತ್ತದೆ. ಅದನ್ನು ನೀರಿಗೆ ಬಿಟ್ಟರೆ ಕೆಲವೊಮ್ಮೆ ಗಾಣದೆತ್ತಿನಂತೆ ಸುತ್ತತೊಡಗುತ್ತದೆ.

ಮರಿ ಕುರುಡಲ್ಲ. ಅದಕ್ಕೆ ಪಟ್ಟೆ ಕಾಣಿಸುತ್ತಿದೆ. ಕೆಟ್ಟಿರುವುದು ಕಣ್ಣಿನಿಂದ ಮಿದುಳಿಗೆ ಹೋಗುವ ದಾರಿ. ಮೀನಿನ ಬಲಗಣ್ಣಿನ ನರತಂತುಗಳೆಲ್ಲ ಮಿದುಳಿನ ಎಡಭಾಗಕ್ಕೂ, ಎಡಗಣ್ಣಿನವೆಲ್ಲ ಬಲಭಾಗಕ್ಕೂ ದಾಟಿಹೋಗಬೇಕು. ಈ ಮರಿಯಲ್ಲಿ ಅವು ದಾಟದೆ ತಮ್ಮ ಬದಿಯಲ್ಲೇ ಉಳಿದಿವೆ. ಒಂದು ಬದಿಗೆ ಸೇರಬೇಕಾದ ಸುದ್ದಿ ಇನ್ನೊಂದು ಬದಿಗೆ ಸೇರಿದ್ದರಿಂದ ಕಣ್ಣಿಗೆ ಉಲ್ಟಾ ಆಜ್ಞೆ ಹೊರಡುತ್ತಿದೆ. ವಿಜ್ಞಾನಿಗಳು ಈ ತಳಿಗೆ ಇಟ್ಟ ಹೆಸರು ‘ಬೆಲ್ಲಡೊನ್ನ’. ಇಷ್ಟೆಲ್ಲ ಅವಾಂತರಕ್ಕೆ ಕಾರಣ ಒಂದೇ ಒಂದು ವಂಶವಾಹಿಯಲ್ಲಿನ ದೋಷ.

ನಕ್ಷೆಯಿಲ್ಲದ ಪಯಣ

ಮನುಷ್ಯನ ಒಂದೊಂದು ಕಣ್ಣಿನಿಂದಲೂ ಸುಮಾರು ಹತ್ತು ಲಕ್ಷ ನರತಂತುಗಳು ಹೊರಡುತ್ತವೆ. ಅಕ್ಷಿಪಟಲದಲ್ಲಿ ಅಕ್ಕಪಕ್ಕದಲ್ಲಿದ್ದವು ಮಿದುಳಿನಲ್ಲೂ ಅಕ್ಕಪಕ್ಕದಲ್ಲೇ ಕೂರಬೇಕು. ಇಲ್ಲದಿದ್ದರೆ ಕಂಡ ದೃಶ್ಯ ಚೂರುಚೂರಾಗುತ್ತದೆ. ನಮ್ಮ ಮಿದುಳಿನಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ಪ್ರೋಟೀನು ತಯಾರಿಸುವ ವಂಶವಾಹಿಗಳೋ ಸುಮಾರು 20 ಸಾವಿರ ಮಾತ್ರ. ಪ್ರತಿ ತಂತುವಿಗೂ ಪ್ರತ್ಯೇಕ ವಿಳಾಸ ಬರೆದಿಡಲು ಅಲ್ಲಿ ಜಾಗವೇ ಇಲ್ಲ. ಹಾಗಾದರೆ ತಂತು ತನ್ನ ಜಾಗವನ್ನು ಹುಡುಕಿಕೊಳ್ಳುವುದು ಹೇಗೆ?

ಅಮೆರಿಕದ ರೋಜರ್ ಸ್ಪೆರ‍್ರಿ 1940ರ ದಶಕದಲ್ಲಿ ಈ ಪ್ರಶ್ನೆಯನ್ನು ಕಪ್ಪೆಗಳ ಮುಂದಿಟ್ಟರು. ಕಪ್ಪೆಯ ದೃಷ್ಟಿನರವನ್ನು ಕತ್ತರಿಸಿ, ಕಣ್ಣುಗುಡ್ಡೆಯನ್ನು ತಲೆಕೆಳಗಾಗಿ ತಿರುಗಿಸಿ ಕೂರಿಸಿದರು. ನರ ಮತ್ತೆ ಬೆಳೆಯಿತು, ದೃಷ್ಟಿಯೂ ಮರಳಿತು. ಆದರೆ ನೊಣ ಮೇಲಿದ್ದರೆ ಕಪ್ಪೆ ಕೆಳಕ್ಕೆ ನಾಲಿಗೆ ಚಾಚುತ್ತಿತ್ತು. ಎಷ್ಟು ಸಲ ಹಸಿದರೂ ಆ ತಪ್ಪು ತಿದ್ದಿಕೊಳ್ಳಲಿಲ್ಲ. ಅಂದರೆ ಪ್ರತಿ ತಂತುವೂ ತನ್ನ ಹಳೆಯ ಜಾಗವನ್ನೇ ಹುಡುಕಿಕೊಂಡು ಹೋಗಿತ್ತು. ತಂತುಗಳ ಮೇಲೂ ಮಿದುಳಿನ ಮೇಲೂ ಪರಸ್ಪರ ಗುರುತು ಹಿಡಿಯುವ ರಾಸಾಯನಿಕ ಚೀಟಿಗಳಿರಬೇಕು ಎಂದು 1963ರಲ್ಲಿ ಸ್ಪೆರ‍್ರಿ ವಾದಿಸಿದರು. ವಾದವೇನೋ ಸರಿ, ಆ ಚೀಟಿ ಯಾವುದು? ಉತ್ತರ ಸಿಗಲು ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು.

ಗಂಗೆಯಿಂದ ಒರೆಗಾನ್‌ಗೆ

ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ, ಮೈತುಂಬ ನೀಲಿ ಗೆರೆಯ ಜೀಬ್ರಾಮೀನು ನಮ್ಮ ಉಪಖಂಡದ್ದೇ. ಗದ್ದೆ, ತೊರೆ, ನಿಂತ ನೀರು ಅದರ ಮನೆ. ಅದನ್ನು ಮೊದಲು ವಿಜ್ಞಾನಕ್ಕೆ ಪರಿಚಯಿಸಿದ್ದು 1822ರಲ್ಲಿ, ಗಂಗಾನದಿಯ ಮೀನುಗಳ ಕುರಿತ ಪುಸ್ತಕದಲ್ಲಿ, ಫ್ರಾನ್ಸಿಸ್ ಹ್ಯಾಮಿಲ್ಟನ್. ಕನ್ನಡಿಗರಿಗೆ ಈತ ಹೊಸಬನಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಮತ್ತು ಕೆನರಾದಲ್ಲಿ ಸುತ್ತಾಡಿ ಬೆಳೆ, ಕಸುಬು, ಜನಜೀವನಗಳನ್ನು ದಾಖಲಿಸಿದ ಬುಕಾನನ್ ಇವನೇ. ಹ್ಯಾಮಿಲ್ಟನ್ ಎಂಬುದು ಆಮೇಲೆ ಬಂದ ಹೆಸರು.

ಈ ಮೀನನ್ನು ತಳಿವಿಜ್ಞಾನದ ಪ್ರಯೋಗಾಲಯಕ್ಕೆ ತಂದವರು ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್. ಅವರ 1981ರ ಪ್ರಬಂಧದಿಂದಾಚೆಗೆ ಮೀನಿನ ಅದೃಷ್ಟ ಬದಲಾಯಿತು. ಕಾರಣಗಳು ಸರಳ. ಬೆಳಗಿನ ಬೆಳಕು ಬಿದ್ದರೆ ಮೊಟ್ಟೆಯಿಡುತ್ತದೆ, ಅದೂ ಒಮ್ಮೆಗೆ ನೂರಾರು. ಭ್ರೂಣ ತಾಯಿಯ ಹೊಟ್ಟೆಯ ಹೊರಗೆ ಬೆಳೆಯುತ್ತದೆ, ಗಾಜಿನಂತೆ ಪಾರದರ್ಶಕ. ಮೊಟ್ಟೆ ಫಲಿತವಾಗಿ ಒಂದೂವರೆ ದಿನಕ್ಕೆ ಕಣ್ಣಿನ ಮೊದಲ ತಂತುಗಳು ನಡುಗೆರೆ ದಾಟುತ್ತವೆ. ಎರಡು ದಿನಕ್ಕೆ ‘ಟೆಕ್ಟಮ್’ ಎಂಬ, ಮೀನಿನ ಮಿದುಳಿನ ಮುಖ್ಯ ದೃಷ್ಟಿಕೇಂದ್ರವನ್ನು ಮುಟ್ಟುತ್ತವೆ. ಐದನೆಯ ದಿನಕ್ಕೆ ಮರಿ ಬೇಟೆಗೆ ಇಳಿದಿರುತ್ತದೆ.

ಕೆಡಿಸಿ ನೋಡು

ಯಂತ್ರದ ಯಾವ ತಿರುಪು ಯಾವ ಕೆಲಸಕ್ಕೆ ಎಂದು ತಿಳಿಯಬೇಕೆ? ಒಂದೊಂದಾಗಿ ಬಿಚ್ಚುತ್ತಾ ಹೋಗಿ, ಏನು ನಿಲ್ಲುತ್ತದೆ ಎಂದು ನೋಡುವುದು ಹಳೆಯ ಮೆಕ್ಯಾನಿಕ್ಕುಗಳ ದಾರಿ. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಟ್ ಅವರ ತಂಡ ಮಾಡಿದ್ದೂ ಅದನ್ನೇ. ಗಂಡುಮೀನುಗಳನ್ನು ರಾಸಾಯನಿಕ ಬೆರೆಸಿದ ನೀರಿನಲ್ಲಿಟ್ಟು ವಂಶವಾಹಿಗಳಲ್ಲಿ ಅಲ್ಲಲ್ಲಿ ದೋಷ ಹುಟ್ಟಿಸಿದರು. ದೋಷದ ಎರಡೂ ಪ್ರತಿಗಳು ಒಂದೇ ಮರಿಯಲ್ಲಿ ಕೂಡುವವರೆಗೆ ತಲೆಮಾರುಗಳನ್ನು ಬೆಳೆಸಿದರು. ಅದೇ ಊರಿನ ಫ್ರೀಡ್ರಿಕ್ ಬೊನ್‌ಹಾಫರ್ ಅವರ ತಂಡ ಐದು ದಿನದ ಸಾವಿರಾರು ಮರಿಗಳ ಕಣ್ಣಿನ ಒಂದು ಮೂಲೆಗೆ ಒಂದು ಬಣ್ಣ, ಎದುರು ಮೂಲೆಗೆ ಇನ್ನೊಂದು ಬಣ್ಣ ಚುಚ್ಚಿತು. ಸೂಕ್ಷ್ಮದರ್ಶಕದ ಕೆಳಗೆ ಹೊಳೆಯುವ ಎರಡು ಎಳೆಗಳು ಎಲ್ಲಿಂದ ಎಲ್ಲಿಗೆ ಹೋಗಿವೆ ಎಂದು ಒಂದೊಂದೇ ಮರಿಯಲ್ಲಿ ನೋಡಿತು. 1996ರ ಡಿಸೆಂಬರಿನಲ್ಲಿ ಫಲಿತಾಂಶ ಹೊರಬಿತ್ತು: ದಾರಿ ಕೆಡಿಸುವ ನೂರಕ್ಕೂ ಹೆಚ್ಚು ವಿಕೃತಿಗಳು, ಸುಮಾರು 35 ವಂಶವಾಹಿಗಳಲ್ಲಿ.

ಹೆಸರಿಡುವಾಗ ವಿಜ್ಞಾನಿಗಳು ತುಸು ತುಂಟರಾಗಿದ್ದರು. ‘ನೆವರ್‌ಮೈಂಡ್’, ‘ಹೂ ಕೇರ‍್ಸ್’, ‘ಮಾಚೋ’, ದಾರಿ ತಪ್ಪಿದ್ದು ಎಂಬರ್ಥದ ‘ಆಸ್ಟ್ರೇ’. ಕಣ್ಣಿನಿಂದ ಒಂದು ತಂತುವೂ ಹೊರಡದ ಇನ್ನೊಂದು ಕುರುಡು ತಳಿಯೂ ಟ್ಯೂಬಿಂಗನ್‌ನಲ್ಲಿ ಸಿಕ್ಕಿತು. ಬೆಳಕೇ ಕಾಣದ್ದರಿಂದ ಸುತ್ತ ಕತ್ತಲೆಂದು ಬಗೆದು ಅದರ ಮೈ ಕಪ್ಪಾಗುತ್ತದೆ. ಹಾಗಾಗಿ ಅದಕ್ಕೆ ‘ಲಾಕ್ರಿಟ್ಸ್’ ಎಂಬ ಹೆಸರು. ಜರ್ಮನ್ ಭಾಷೆಯಲ್ಲಿ ಅತಿಮಧುರದ ಕಪ್ಪು ಮಿಠಾಯಿ ಎಂದರ್ಥ.

ಬೇಲಿ, ಬಿಸಿ, ಮಹಡಿ

‘ಆಸ್ಟ್ರೇ’ ಮರಿಯ ತಂತುಗಳು ಕಟ್ಟು ಬಿಚ್ಚಿದ ದನದಂತೆ. ಕೆಲವು ಮಿದುಳಿನ ಮುಂಭಾಗಕ್ಕೆ, ಕೆಲವು ಹಿಂಭಾಗಕ್ಕೆ, ಕೆಲವು ದಾಟಿದ ನಡುಗೆರೆಯನ್ನೇ ಮತ್ತೆ ದಾಟಿ ಹಿಂದಕ್ಕೆ. 2001ರಲ್ಲಿ ಬೊನ್‌ಹಾಫರ್ ಮತ್ತು ಯೂಟಾ ವಿಶ್ವವಿದ್ಯಾಲಯದ ಚಿ-ಬಿನ್ ಚಿಯೆನ್ ತಂಡಗಳು ಕಾರಣ ಹಿಡಿದವು: ಕೆಟ್ಟಿದ್ದದ್ದು ‘ರೋಬೋ2’ ಎಂಬ ವಂಶವಾಹಿ. ತಂತುಗಳ ಹಾದಿಯ ಇಕ್ಕೆಲದಲ್ಲೂ ‘ಸ್ಲಿಟ್’ ಎಂಬ ಪ್ರೋಟೀನು ಮುಳ್ಳುಬೇಲಿಯಂತೆ ಇರುತ್ತದೆ. ಆ ಮುಳ್ಳು ಚುಚ್ಚಿದ್ದು ತಂತುವಿಗೆ ತಿಳಿಯುವುದು ರೋಬೋ2 ಪ್ರೋಟೀನಿನಿಂದ. ದೋಷವಿರುವ ಮರಿಯಲ್ಲಿ ಬೇಲಿಯೇನೋ ಇದೆ, ಪಾದ ಮಾತ್ರ ಮರಗಟ್ಟಿದೆ. ಕಣ್ಣನ್ನು ಒಂದು ಭ್ರೂಣದಿಂದ ಇನ್ನೊಂದಕ್ಕೆ ಕಸಿ ಮಾಡಿ ನೋಡಿದಾಗಲೂ ಇದೇ ಖಚಿತವಾಯಿತು: ತಪ್ಪು ಕಣ್ಣಿನದು, ದಾರಿಯದಲ್ಲ.

ಊರು ಮುಟ್ಟಿದ ಮೇಲೆ ಮನೆ ಹುಡುಕಬೇಕಲ್ಲ? ಸ್ಪೆರ‍್ರಿಯ ಚೀಟಿಗಳು ಕೈಗೆ ಸಿಕ್ಕಿದ್ದು 1995ರಲ್ಲಿ, ಕೋಳಿಯ ಭ್ರೂಣದಲ್ಲಿ: ‘ಎಫ್ರಿನ್’ ಪ್ರೋಟೀನುಗಳು. ಒಲೆಯ ಹತ್ತಿರ ಹೋದಷ್ಟೂ ಬಿಸಿ ಏರುವಂತೆ ಟೆಕ್ಟಮ್‌ನ ಹಿಂತುದಿಗೆ ಹೋದಷ್ಟೂ ಎಫ್ರಿನ್ ಹೆಚ್ಚು. ಅಕ್ಷಿಪಟಲದ ಬಾಲದ ಕಡೆಯಿಂದ ಬಂದ ತಂತುಗಳು ಬಿಸಿ ತಾಳದೆ ಮುಂಭಾಗದಲ್ಲೇ ನಿಲ್ಲುತ್ತವೆ; ಮೂತಿಯ ಕಡೆಯವು ಸಹಿಸಿಕೊಂಡು ಹಿಂದಿನವರೆಗೆ ಸಾಗುತ್ತವೆ. ಎಲ್ಲಕ್ಕೂ ಬೇರೆ ಬೇರೆ ವಿಳಾಸ ಬೇಕಿಲ್ಲ, ಒಂದೇ ಒಲೆ ಸಾಕು. ತಾಳಿಕೆ ಮಾತ್ರ ಬೇರೆ ಬೇರೆ.

ಟೆಕ್ಟಮ್‌ನಲ್ಲಿ ಮಹಡಿಗಳಂತೆ ಪದರಗಳೂ ಇವೆ. ‘ಡ್ರಾಗ್‌ನೆಟ್’ ಎಂಬ ತಳಿಯಲ್ಲಿ ತಂತುಗಳು ಮಹಡಿಯಿಂದ ಮಹಡಿಗೆ ಅಲೆಯುತ್ತವೆ. 2007ರಲ್ಲಿ ತಿಳಿದದ್ದು, ಅಲ್ಲಿ ಕೆಟ್ಟಿರುವುದು ಕೊಲಾಜೆನ್ ಪ್ರೋಟೀನಿನ ವಂಶವಾಹಿ. ಟೆಕ್ಟಮ್‌ನ ಮೇಲೆ ಹಾಸಿದ ಆ ಕೊಲಾಜೆನ್ ಹಾಳೆಯೇ ಸ್ಲಿಟ್ ಅನ್ನು ಹಿಡಿದಿಟ್ಟುಕೊಂಡಿರುತ್ತದೆ ಎಂದು ನಾಲ್ಕು ವರ್ಷದ ನಂತರ ಗೊತ್ತಾಯಿತು. ಹಾದಿಯ ಬೇಲಿಗೆ ಬಳಸಿದ ಮುಳ್ಳನ್ನೇ ಪ್ರಕೃತಿ ಮಹಡಿಗೂ ಬಳಸಿದೆ.

ಇನ್ನು ‘ಮಾಚೋ’. ಇದರ ತಂತುಗಳು ಸರಿಯಾದ ಜಾಗಕ್ಕೇ ಹೋಗುತ್ತವೆ, ಆದರೆ ಅವುಗಳಲ್ಲಿ ವಿದ್ಯುತ್ ಸಂಕೇತ ಹರಿಯುವುದಿಲ್ಲ. ಪರಿಣಾಮವಾಗಿ ತುದಿಯ ಕವಲುಗಳು ಬೇಕಾದ್ದಕ್ಕಿಂತ ಅಗಲಕ್ಕೆ ಹರಡಿಕೊಳ್ಳುತ್ತವೆ, ನಕ್ಷೆ ಮಸುಕಾಗುತ್ತದೆ. ಮನೆ ತೋರಿಸುವುದು ರಾಸಾಯನಿಕ. ಗಡಿ ಒತ್ತುವರಿಯಾಗದಂತೆ ನೋಡುವುದು ಬಳಕೆ.

ನಮಗೇನು?

ಮನುಷ್ಯನ ವಂಶವಾಹಿಗಳಲ್ಲಿ ಸುಮಾರು ಶೇ 70ಕ್ಕೆ ಜೀಬ್ರಾಮೀನಿನಲ್ಲಿ ಜೋಡಿಯಿದೆ ಎಂದು 2013ರಲ್ಲಿ ಪ್ರಕಟವಾದ ಅದರ ಜೀನೋಮ್ ತೋರಿಸಿತು. ನಮ್ಮಲ್ಲಿ ಅರ್ಧದಷ್ಟು ತಂತುಗಳು ಮಾತ್ರ ನಡುಗೆರೆ ದಾಟುತ್ತವೆ. ಅಪರೂಪಕ್ಕೆ, ಬೆಲ್ಲಡೊನ್ನ ಮೀನಿನಂತೆ, ಒಂದೂ ದಾಟದೆ ಹುಟ್ಟುವ ಮಕ್ಕಳಿದ್ದಾರೆ. ಅವರ ಕಣ್ಣುಗುಡ್ಡೆ ಒಂದೆಡೆ ನಿಲ್ಲದೆ ಓಲಾಡುತ್ತಿರುತ್ತದೆ. ಗ್ಲಾಕೋಮಾದಲ್ಲಿ ಸತ್ತ ನಮ್ಮ ದೃಷ್ಟಿತಂತು ಮತ್ತೆ ಚಿಗುರುವುದಿಲ್ಲ. ಮೀನಿನ ದೃಷ್ಟಿನರವನ್ನು ಕತ್ತರಿಸಿದರೆ ಕೆಲವೇ ವಾರಗಳಲ್ಲಿ ಮತ್ತೆ ಬೆಳೆಯುತ್ತದೆ. ನಮ್ಮ ನರವನ್ನೂ ಮುಂದೊಂದು ದಿನ ಬೆಳೆಸಬಹುದು ಎಂದಿಟ್ಟುಕೊಳ್ಳೋಣ. ಬೆಳೆದದ್ದು ಹೋಗುವುದಾದರೂ ಎಲ್ಲಿಗೆ? ಆ ದಾರಿ ಕೇಳಬೇಕಿರುವುದು ಈ ಮೀನುಗಳನ್ನೇ.

ಇಷ್ಟರಲ್ಲೂ ನನಗೆ ಹೆಚ್ಚು ಬೆರಗು ಹುಟ್ಟಿಸಿದ್ದು ಚಿಯೆನ್ ಮತ್ತು ಲಾರಾ ಹಟ್ಸನ್ 2002ರಲ್ಲಿ ಪ್ರಕಟಿಸಿದ ಒಂದು ಫಲಿತಾಂಶ. ಜೀವಂತ ಭ್ರೂಣದಲ್ಲಿ ತಂತುಗಳ ತುದಿ ಸಾಗುವುದನ್ನು ಅವರು ಗಂಟೆಗಟ್ಟಲೆ ಚಿತ್ರೀಕರಿಸಿದರು. ದೋಷವಿರುವ ಮರಿಯ ತಂತು ದಾರಿ ತಪ್ಪುತ್ತದೆ, ಇದು ಗೊತ್ತಿದ್ದದ್ದೇ. ಆರೋಗ್ಯವಂತ ಮರಿಯ ತಂತುವೂ ತಪ್ಪುತ್ತದೆ! ಬೆರಳು ಚಾಚಿದ ಪುಟ್ಟ ಅಂಗೈಯಂಥ ಅದರ ತುದಿ ಬೇಲಿಯತ್ತ ವಾಲುತ್ತದೆ, ತಡೆಯುತ್ತದೆ, ಹಿಂದೆ ಸರಿದು ಮತ್ತೆ ಹಾದಿ ಹಿಡಿಯುತ್ತದೆ. ‘ಆಸ್ಟ್ರೇ’ ತಂತು ಹೆಚ್ಚು ಸಲ ತಪ್ಪುತ್ತದೆ, ಅನೇಕ ಸಲ ಹಿಂದಿರುಗುವುದೇ ಇಲ್ಲ. ನಡೆಯುವವರು ಎಡವದೆ ಕುಳಿತವರು ಎಡವುವರೇ ಎನ್ನುತ್ತದೆ ನಮ್ಮ ಗಾದೆ. ಕಣ್ಣಿಂದ ಮಿದುಳಿಗೆ ಹೊರಟ ಎಳೆಗಳಿಗೆ ವಂಶವಾಹಿಗಳು ಎಡವದ ಹಾದಿಯನ್ನು ಕೊಟ್ಟಿಲ್ಲ. ಎಡವಿದ್ದು ತಿಳಿಯುವ ಪಾದ ಕೊಟ್ಟಿವೆ.