ಹೊಂಬಣ್ಣದ ಕಡು ಏಲ್: ಗುಣಪರೀಕ್ಷೆಯ ಕ್ರಮ

ಎಲೆಯ ಬಣ್ಣ ಹಾಗೂ ಹದದ ಮೇಲೆ ಬೆಲೆ ನಿಲ್ಲುವುದು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಹೊಗೆಸೊಪ್ಪಿನ ವ್ಯವಹಾರ ಬಲ್ಲವರಿಗೆ ತಿಳಿದ ಸಂಗತಿ. ಬಿಯರ್ ಉದ್ಯಮದಲ್ಲಿಯೂ ಇಂಥದೇ ಪರೀಕ್ಷೆಯುಂಟು.

1871ರಲ್ಲಿ ಸ್ಥಾಪಿತವಾದ ಬೆಲ್ಜಿಯಂನ ಮೂರ್ಟ್‌ಗಾಟ್ ಸಂಸ್ಥೆಯ 'ಡುವೆಲ್' ಈ ಬಗೆಯ ಪ್ರಸಿದ್ಧ ಏಲ್. ಅದರ ಮದ್ಯಸಾರ ಶೇ. 8.5. ಮೂರನೆಯ ಜಾತಿಯ ಹಾಪ್ಸ್ ಹೂವನ್ನು ಬೆರೆಸಿದ, ಶೇ. 9.5 ಮದ್ಯಸಾರದ 'ಟ್ರಿಪಲ್ ಹಾಪ್' 2007ರಲ್ಲಿ ಹೊರಬಂದಿತು.

ಪರೀಕ್ಷಕರು ಪಾನೀಯವನ್ನು ಟ್ಯೂಲಿಪ್ ಹೂವಿನಾಕಾರದ ಗಾಜಿನ ಲೋಟಕ್ಕೆ ಸುರಿದು, ಮೊದಲು ಬಣ್ಣವನ್ನೂ ನೊರೆಯ ಬಾಳಿಕೆಯನ್ನೂ ನೋಡುತ್ತಾರೆ. ಅನಂತರ ಮೂಸುತ್ತಾರೆ. ಹಣ್ಣು, ಮಸಾಲೆಗಳನ್ನು ಹೋಲುವ ಕಂಪು ಬಹುಮಟ್ಟಿಗೆ ಯೀಸ್ಟಿನದು. ಹೂವು, ಕಿತ್ತಳೆ ಸಿಪ್ಪೆಯ ಕಂಪು ಹಾಪ್ಸ್‌ನದು. ಕೊನೆಯದು ರುಚಿ. ತಯಾರಿಕೆಯಲ್ಲಿ ಸೇರಿಸಿದ ಸಕ್ಕರೆಯನ್ನು ಯೀಸ್ಟ್ ಪೂರ್ತಿಯಾಗಿ ಹುದುಗಿಸುವುದರಿಂದ ಮದ್ಯಸಾರ ಹೆಚ್ಚಿದ್ದರೂ ಪಾನೀಯ ನಾಲಿಗೆಗೆ ಹಗುರ. ಸಿಹಿ ಉಳಿಯದೆ ಕಹಿ ನಿಲ್ಲುತ್ತದೆ.

ವ್ಯಾಪಾರಿಗಳು ಗಮನಿಸಬೇಕಾದದ್ದು ದಾಸ್ತಾನು. ಬೆಳಕು ತಗುಲಿದರೆ ಹಾಪ್ಸ್‌ನ ಕಹಿ ಅಂಶ ವಿಘಟನೆಗೊಂಡು ದುರ್ವಾಸನೆ ಬೀರುತ್ತದೆ. ಕಂದು ಬಾಟಲಿಯ ಬಳಕೆ ಇದಕ್ಕಾಗಿಯೇ. ಶಾಖದಲ್ಲಿ ಕಂಪು ಬೇಗ ಕುಂದುತ್ತದೆ. ಆಗ ಹೆಚ್ಚಿನ ಹಾಪ್ಸ್‌ಗಾಗಿ ತಯಾರಕರು ಮಾಡಿದ ವೆಚ್ಚ ಗ್ರಾಹಕರ ಲೋಟಕ್ಕೆ ತಲುಪುವುದಿಲ್ಲ. ಆದಕಾರಣ ಕಾರ್ಖಾನೆಯಲ್ಲಿ ಮಾತ್ರವಲ್ಲದೆ ಉಗ್ರಾಣದಲ್ಲಿಯೂ ಮಾದರಿಯನ್ನು ಪರೀಕ್ಷಿಸುವುದು ಲಾಭದಾಯಕ.