ಮಾದಕ ದ್ರವ್ಯ ಪ್ರಕರಣ: ಆರೋಪಿಗೆ ಕಾನೂನು ನೀಡುವ ರಕ್ಷಣೆ ಏನು?

ಹಾಸನದ ಒಂದು ಮನೆಗೆ ರಾತ್ರಿ ಹತ್ತರ ಹೊತ್ತಿಗೆ ದೂರವಾಣಿ ಕರೆ ಬರುತ್ತದೆ ಎಂದು ಊಹಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗನ ಬಾಡಿಗೆ ಕೋಣೆಯಲ್ಲಿ ಗಾಂಜಾ ಸಿಕ್ಕಿದೆ, ಕೋಣೆಯಲ್ಲಿದ್ದ ಇತರ ಇಬ್ಬರೊಂದಿಗೆ ಅವನನ್ನೂ ಠಾಣೆಗೆ ಕರೆದೊಯ್ಯಲಾಗಿದೆ ಎಂಬುದು ಸುದ್ದಿ. ಚೀಲ ತನ್ನದಲ್ಲ ಎಂದು ಮಗ ಹೇಳುತ್ತಾನೆ. ತಂದೆ ತಾಯಿಗೆ ಮೊದಲು ಕಾಣುವುದು ಮನೆತನದ ಮಾನದ ಪ್ರಶ್ನೆ. ನೆಂಟರಿಗೆ ತಿಳಿಯದಂತೆ ವಿಷಯ ಮುಚ್ಚಿಡುವ ಯತ್ನದಲ್ಲಿ ಒಂದೆರಡು ದಿನ ಕಳೆದ ಬಳಿಕವಷ್ಟೇ ವಕೀಲರ ನೆನಪಾಗುತ್ತದೆ.

ಪ್ರಕರಣದ ಭವಿಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಒಂದೆರಡು ದಿನಗಳೇ. ಮಾದಕ ದ್ರವ್ಯದ ಕಾಯ್ದೆ ಅತ್ಯಂತ ಕಠಿಣವಾದದ್ದು. ಆದರೆ ಅದೇ ಕಾರಣಕ್ಕೆ ಅಧಿಕಾರಿಗಳು ಪಾಲಿಸಬೇಕಾದ ಕಟ್ಟುಪಾಡುಗಳನ್ನೂ ಅದು ಒಂದೊಂದಾಗಿ ಹೇಳಿದೆ. ಆರೋಪಿಯ ರಕ್ಷಣೆ ಬಹುಪಾಲು ನಿಂತಿರುವುದು ಈ ಕಟ್ಟುಪಾಡುಗಳ ಮೇಲೆ.

ತೂಕದ ಮೇಲೆ ಶಿಕ್ಷೆ

ಮಾದಕ ದ್ರವ್ಯ ಮತ್ತು ಮನೋಪರಿಣಾಮಕಾರಿ ವಸ್ತುಗಳ ಕಾಯ್ದೆ 1985ರ ನವೆಂಬರ್ 14ರಂದು ಜಾರಿಗೆ ಬಂದಿತು. ಎನ್‌ಡಿಪಿಎಸ್ ಕಾಯ್ದೆ ಎಂದೇ ಇದು ಪರಿಚಿತ. 2001ರ ತಿದ್ದುಪಡಿಯ ನಂತರ ಶಿಕ್ಷೆಯ ಪ್ರಮಾಣವನ್ನು ವಶಪಡಿಸಿಕೊಂಡ ವಸ್ತುವಿನ ತೂಕದೊಂದಿಗೆ ಜೋಡಿಸಲಾಗಿದೆ. ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ ಮತ್ತು ಇವೆರಡರ ನಡುವಿನ ಪ್ರಮಾಣ ಎಂದು ಮೂರು ವರ್ಗಗಳಿವೆ.

ಗಾಂಜಾ ಒಂದು ಕಿಲೋಗ್ರಾಂಗಿಂತ ಕಡಿಮೆ ಇದ್ದರೆ ಅಲ್ಪ, 20 ಕಿಲೋಗ್ರಾಂ ಮೀರಿದರೆ ವಾಣಿಜ್ಯ. ಚರಸ್‌ಗೆ ಈ ಗಡಿಗಳು 100 ಗ್ರಾಂ ಮತ್ತು ಒಂದು ಕಿಲೋಗ್ರಾಂ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಅಲ್ಪ ಪ್ರಮಾಣದ ಗಾಂಜಾ ಪ್ರಕರಣದಲ್ಲಿ ಗರಿಷ್ಠ ಒಂದು ವರ್ಷದ ಕಠಿಣ ಸಜೆ ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಮಧ್ಯಮ ಪ್ರಮಾಣಕ್ಕೆ ಸಜೆ 10 ವರ್ಷದವರೆಗೆ ಹೋಗುತ್ತದೆ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠವೇ 10 ವರ್ಷ, ಗರಿಷ್ಠ 20 ವರ್ಷ. ಜೊತೆಗೆ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ.

ಆದ್ದರಿಂದ ವಕೀಲರು ಕೇಳಬೇಕಾದ ಮೊದಲ ಪ್ರಶ್ನೆ ತೂಕದ್ದು. ಕಾಯ್ದೆಯ ವ್ಯಾಖ್ಯೆಯಂತೆ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಗಳಿಲ್ಲದೆ ಬರಿಯ ಎಲೆ, ಬೀಜಗಳಿದ್ದರೆ ಅವು ಈ ವ್ಯಾಖ್ಯೆಯೊಳಗೆ ಬಾರವು. ಹಾಸನದ ಹುಡುಗನ ಕೋಣೆಯಲ್ಲಿ ಸಿಕ್ಕ ಚೀಲ 1,100 ಗ್ರಾಂ ತೂಗಿದರೆ, ಅದರಲ್ಲಿ ಬಿಡಿ ಎಲೆ, ಬೀಜ, ಕಡ್ಡಿಗಳೆಷ್ಟು, ಪ್ಲಾಸ್ಟಿಕ್ ಹೊದಿಕೆಯನ್ನು ಸೇರಿಸಿ ತೂಗಿದರೇ ಎಂಬುದು ಕ್ಷುಲ್ಲಕ ತಕರಾರಲ್ಲ. ಒಂದು ವರ್ಷದ ಸಜೆಗೂ ಹತ್ತು ವರ್ಷದ ಸಜೆಗೂ ನಡುವಿನ ಅಂತರ ಅಲ್ಲಿಯೇ ಅಡಗಿದೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಭಂಗಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಜಾಮೀನು ನೀಡುವಾಗಲೂ, ಆ ವಸ್ತು ಕಾಯ್ದೆಯ ವ್ಯಾಖ್ಯೆಗೆ ಒಳಪಡುತ್ತದೆಯೇ ಎಂಬುದನ್ನೇ ಮುಖ್ಯವಾಗಿ ಪರಿಶೀಲಿಸಿತ್ತು.

ಪುಡಿ ರೂಪದ ಮಾದಕಗಳ ವಿಷಯ ಬೇರೆ. ಹೆರಾಯಿನ್‌ನಂತಹ ವಸ್ತುವಿಗೆ ಬೇರೇನಾದರೂ ಬೆರೆಸಿದ್ದರೆ ಮಿಶ್ರಣದ ಒಟ್ಟು ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಮಾನಿಸಿದೆ.

ಶೋಧನೆಗೂ ನಿಯಮವಿದೆ

ಖಚಿತ ಮಾಹಿತಿ ಬಂದಾಗ ಅಧಿಕಾರಿಯು ಅದನ್ನು ಬರಹಕ್ಕಿಳಿಸಬೇಕು. 72 ಗಂಟೆಗಳೊಳಗೆ ಅದರ ಪ್ರತಿಯನ್ನು ತನ್ನ ಮೇಲಧಿಕಾರಿಗೆ ಕಳುಹಿಸಬೇಕು. ಸೂರ್ಯಾಸ್ತದ ನಂತರ ವಾರಂಟ್ ಇಲ್ಲದೆ ಮನೆಯೊಳಗೆ ಪ್ರವೇಶಿಸುವುದಾದರೆ ಅದಕ್ಕೆ ಕಾರಣಗಳನ್ನು ದಾಖಲಿಸಬೇಕು. ಇದು 42ನೇ ಸೆಕ್ಷನ್ನಿನ ವಿಧಿ. ಇದನ್ನು ಸಂಪೂರ್ಣವಾಗಿ ಕಡೆಗಣಿಸುವಂತಿಲ್ಲ, ತಡವಾಗಿದ್ದರೆ ತೃಪ್ತಿಕರ ವಿವರಣೆ ಇರಬೇಕು ಎಂದು ಕರ್ನೈಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2009ರಲ್ಲಿ ಹೇಳಿದೆ.

50ನೇ ಸೆಕ್ಷನ್ ಇನ್ನೂ ಮುಖ್ಯವಾದದ್ದು. ವ್ಯಕ್ತಿಯ ಮೈಮೇಲಿನ ಶೋಧನೆಗೆ ಮುನ್ನ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಶೋಧನೆಗೊಳಗಾಗುವ ಹಕ್ಕು ಅವನಿಗಿದೆ ಎಂಬುದನ್ನು ತಿಳಿಸಬೇಕು. ಮಹಿಳೆಯನ್ನು ಮಹಿಳೆಯೇ ಶೋಧಿಸಬೇಕು. ಹಕ್ಕನ್ನು ತಿಳಿಸುವ ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು 2010ರಲ್ಲಿ ವಿಜಯಸಿನ್ಹ ಜಡೇಜಾ ಪ್ರಕರಣದ ಸಂವಿಧಾನ ಪೀಠ ಸ್ಪಷ್ಟಪಡಿಸಿತು. ಆದರೆ ಇದು ಮೈಮೇಲಿನ ಶೋಧನೆಗೆ ಮಾತ್ರ ಅನ್ವಯಿಸುತ್ತದೆ. ಕೈಯಲ್ಲಿನ ಚೀಲಕ್ಕೆ, ವಾಹನಕ್ಕೆ, ಕೋಣೆಯ ಕಪಾಟಿಗೆ ಈ ರಕ್ಷಣೆ ಇಲ್ಲ. ಅನೇಕ ಆರೋಪಿಗಳ ನಿರೀಕ್ಷೆ ಹುಸಿಯಾಗುವುದು ಇಲ್ಲಿಯೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಶೋಧನೆ ಮತ್ತು ಜಪ್ತಿಯನ್ನು ದೃಶ್ಯ, ಧ್ವನಿ ಸಹಿತ ಚಿತ್ರೀಕರಿಸಬೇಕೆಂದು ಹೇಳುತ್ತದೆ. ಮಹಜರಿನಲ್ಲಿ ಬರೆದದ್ದಕ್ಕೂ ಚಿತ್ರೀಕರಣದಲ್ಲಿ ಕಾಣುವುದಕ್ಕೂ ಹೊಂದಾಣಿಕೆ ಇದೆಯೇ ಎಂದು ನೋಡುವುದು ಈಗ ರಕ್ಷಣಾ ವಕೀಲರ ಕೆಲಸದ ಭಾಗವಾಗಿದೆ.

ಠಾಣೆಯಿಂದ ಪ್ರಯೋಗಾಲಯದವರೆಗೆ

ವಶಪಡಿಸಿಕೊಂಡ ವಸ್ತುವೇ ನ್ಯಾಯಾಲಯಕ್ಕೂ ಪ್ರಯೋಗಾಲಯಕ್ಕೂ ತಲುಪಿತೇ? ವಿಚಾರಣೆಯಲ್ಲಿ ಪಾಟೀಸವಾಲಿನ ಹೆಚ್ಚಿನ ಹೊತ್ತು ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ. 52ಎ ಸೆಕ್ಷನ್ನಿನಂತೆ ವಸ್ತುವಿನ ವಿವರಪಟ್ಟಿ ತಯಾರಿಸಿ, ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ ಛಾಯಾಚಿತ್ರ ಮತ್ತು ಮಾದರಿಗಳನ್ನು ತೆಗೆದು, ಅವರಿಂದ ದೃಢೀಕರಿಸಿಕೊಳ್ಳಬೇಕು. 2016ರ ಮೋಹನ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮಗಳನ್ನೂ ರೂಪಿಸಿತು. ಬಂಧನ ಮತ್ತು ಜಪ್ತಿಯ ವರದಿ 48 ಗಂಟೆಗಳೊಳಗೆ ಮೇಲಧಿಕಾರಿಗೆ ಹೋಗಬೇಕು.

ಅರಗು ಮುದ್ರೆ ಯಾರದು, ಮುದ್ದೆಮಾಲು ಯಾವ ದಿನ ಯಾರ ವಶದಲ್ಲಿತ್ತು, ಮಾದರಿಯ ತೂಕ ಪ್ರಯೋಗಾಲಯದ ವರದಿಯಲ್ಲಿ ಬದಲಾಗಿದೆಯೇ ಎಂಬ ಸಣ್ಣ ಸಂಗತಿಗಳು ಇಲ್ಲಿ ದೊಡ್ಡವಾಗುತ್ತವೆ. ಆದರೂ ಲೋಪವೊಂದನ್ನು ತೋರಿಸಿದ ಮಾತ್ರಕ್ಕೆ ಆರೋಪಿ ಬಿಡುಗಡೆಯಾಗುವುದಿಲ್ಲ. 52ಎ ಉಲ್ಲಂಘನೆಯೊಂದೇ ಪ್ರಕರಣವನ್ನು ಬೀಳಿಸದು, ಉಳಿದ ಸಾಕ್ಷ್ಯವನ್ನೂ ನೋಡಬೇಕು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲೋಪದಿಂದ ವಸ್ತುವಿನ ಬಗೆಗೇ ಸಂಶಯ ಹುಟ್ಟುತ್ತದೆ ಎಂಬುದನ್ನು ವಕೀಲರು ತೋರಿಸಿಕೊಡಬೇಕಾಗುತ್ತದೆ.

‘ಅದು ನನ್ನದಲ್ಲ’

ಸಾಮಾನ್ಯ ಅಪರಾಧಗಳಲ್ಲಿ ಆರೋಪಿಯ ಮನಸ್ಸಿನಲ್ಲಿದ್ದ ಉದ್ದೇಶವನ್ನೂ ಪ್ರಾಸಿಕ್ಯೂಷನ್ನೇ ಸಾಬೀತುಪಡಿಸಬೇಕು. ಎನ್‌ಡಿಪಿಎಸ್ ಕಾಯ್ದೆಯ 35 ಮತ್ತು 54ನೇ ಸೆಕ್ಷನ್‌ಗಳು ಈ ನಿಯಮವನ್ನು ತಿರುವುಮುರುವಾಗಿಸಿವೆ. ವಸ್ತು ಆರೋಪಿಯ ಸ್ವಾಧೀನದಲ್ಲಿತ್ತೆಂದು ಸಾಬೀತಾದರೆ, ಅದು ಅವನಿಗೆ ತಿಳಿದೇ ಇತ್ತೆಂದು ನ್ಯಾಯಾಲಯ ಭಾವಿಸುತ್ತದೆ; ತಿಳಿದಿರಲಿಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಈ ವಿಧಿಗಳು ಸಂವಿಧಾನಬದ್ಧವೆಂದು ಸುಪ್ರೀಂ ಕೋರ್ಟ್ 2008ರ ನೂರ್ ಆಗಾ ಪ್ರಕರಣದಲ್ಲಿ ಒಪ್ಪಿತು. ಆದರೆ ಸ್ವಾಧೀನವೆಂಬ ಮೂಲ ಸಂಗತಿಯನ್ನು ಪ್ರಾಸಿಕ್ಯೂಷನ್ ಮೊದಲು ಸಾಬೀತುಪಡಿಸಬೇಕು, ಆಮೇಲಷ್ಟೇ ಹೊಣೆ ಆರೋಪಿಯ ಮೇಲೆ ಬೀಳುತ್ತದೆ ಎಂದೂ ಹೇಳಿತು.

ಹಾಸನದ ಹುಡುಗನಿಗೆ ಇದರ ಅರ್ಥ ಸರಳ. ಬಾಡಿಗೆ ಕರಾರು ಯಾರ ಹೆಸರಿನಲ್ಲಿತ್ತು, ಚೀಲ ಯಾರ ಮಂಚದ ಕೆಳಗಿತ್ತು, ಕಪಾಟಿನ ಬೀಗದ ಕೈ ಯಾರ ಬಳಿ ಇತ್ತು, ಆ ದಿನ ಅವನು ಊರಿನಲ್ಲಿದ್ದನೇ, ಬಸ್ ಚೀಟಿ ಅಥವಾ ಕಾಲೇಜಿನ ಹಾಜರಿ ಏನು ಹೇಳುತ್ತದೆ ಎಂಬುದನ್ನು ಕುಟುಂಬದವರು ಮೊದಲ ವಾರದಲ್ಲಿಯೇ ಕಲೆಹಾಕಬೇಕು. ವರ್ಷಗಳ ನಂತರ ವಿಚಾರಣೆ ಆರಂಭವಾದಾಗ ಇವು ಸಿಗುವುದು ಕಷ್ಟ.

ಹೇಳಿಕೆ ಮತ್ತು ಸಹಿ

ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನದ ಕಾರಣಗಳನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ತಿಳಿಸದಿದ್ದರೆ ಬಂಧನವೇ ಅಕ್ರಮವಾಗುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 2025ರ ವಿಹಾನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ವಿಚಾರಣೆಯ ಅವಧಿಯಲ್ಲಿ ವಕೀಲರನ್ನು ಭೇಟಿಯಾಗುವ ಹಕ್ಕೂ ಬಂಧಿತನಿಗಿದೆ.

ಹಿಂದೆ ಮಾದಕ ದ್ರವ್ಯ ನಿಯಂತ್ರಣ ದಳದ ಅಧಿಕಾರಿಗಳು 67ನೇ ಸೆಕ್ಷನ್ನಿನಡಿ ಪಡೆದ ಹೇಳಿಕೆಗಳನ್ನೇ ತಪ್ಪೊಪ್ಪಿಗೆಯೆಂದು ಬಳಸಿ ಶಿಕ್ಷೆ ವಿಧಿಸುವುದು ಸಾಧ್ಯವಿತ್ತು. 2020ರ ಅಕ್ಟೋಬರ್‌ನಲ್ಲಿ ತೂಫಾನ್ ಸಿಂಗ್ ಪ್ರಕರಣದ ತೀರ್ಪು ಇದಕ್ಕೆ ತೆರೆ ಎಳೆಯಿತು. ಅಂತಹ ಅಧಿಕಾರಿಗಳೂ ಪೊಲೀಸ್ ಅಧಿಕಾರಿಗಳೇ, ಅವರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂದು ಬಹುಮತದ ತೀರ್ಪು ಸಾರಿತು. ಸಹ ಆರೋಪಿಯ ಹೇಳಿಕೆಯಲ್ಲಿ ಹೆಸರು ಬಂದದ್ದರಿಂದಲೇ ಸಿಕ್ಕಿಬಿದ್ದವರಿಗೆ ಈ ತೀರ್ಪು ದೊಡ್ಡ ಆಸರೆಯಾಗಿದೆ.

ಜಾಮೀನು ಎಂಬ ಕಿರಿದಾದ ಬಾಗಿಲು

ಅಲ್ಪ ಹಾಗೂ ಮಧ್ಯಮ ಪ್ರಮಾಣದ ಪ್ರಕರಣಗಳಲ್ಲಿ 37ನೇ ಸೆಕ್ಷನ್ನಿನ ವಿಶೇಷ ಷರತ್ತುಗಳು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ವಾಣಿಜ್ಯ ಪ್ರಮಾಣವಾದರೆ ಸ್ಥಿತಿ ಬೇರೆ. ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣಗಳಿವೆ ಮತ್ತು ಜಾಮೀನಿನ ಅವಧಿಯಲ್ಲಿ ಅವನು ಅಪರಾಧ ಎಸಗಲಾರ ಎಂಬ ಎರಡೂ ಅಂಶ ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಮೊಕದ್ದಮೆ ನಡೆಯುವ ಮೊದಲೇ ನಿರಪರಾಧಿತ್ವ ತೋರಿಸುವುದು ಬಹು ಜನರಿಗೆ ಅಸಾಧ್ಯ.

ಇಲ್ಲಿ ಎರಡು ದಾರಿಗಳು ಉಳಿದಿವೆ. ಮೊದಲನೆಯದು ದಿನಗಣನೆ. ವಾಣಿಜ್ಯ ಪ್ರಮಾಣದ ಪ್ರಕರಣದಲ್ಲಿ ದೋಷಾರೋಪ ಪಟ್ಟಿ ಸಲ್ಲಿಸಲು 180 ದಿನಗಳ ಅವಕಾಶವಿದೆ. ಸರ್ಕಾರಿ ಅಭಿಯೋಜಕರು ನಿರ್ದಿಷ್ಟ ಕಾರಣಗಳ ವರದಿ ನೀಡಿದರೆ ಮಾತ್ರ ನ್ಯಾಯಾಲಯ ಅದನ್ನು ಒಂದು ವರ್ಷದವರೆಗೆ ವಿಸ್ತರಿಸಬಹುದು. ಅವಧಿ ಮೀರಿದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ. ಆದರೆ ಪಟ್ಟಿ ಸಲ್ಲಿಕೆಯಾಗುವ ಮುನ್ನವೇ ಅರ್ಜಿ ಹಾಕದಿದ್ದರೆ ಈ ಹಕ್ಕು ಕೈತಪ್ಪಿ ಹೋಗುತ್ತದೆ. ಎರಡನೆಯದು ವಿಳಂಬ. ಏಳು ವರ್ಷಕ್ಕೂ ಹೆಚ್ಚು ಕಾಲ ವಿಚಾರಣಾಧೀನ ಕೈದಿಯಾಗಿದ್ದವರೊಬ್ಬರಿಗೆ 2023ರ ಮಾರ್ಚ್‌ನಲ್ಲಿ ಜಾಮೀನು ನೀಡಿದ ಸುಪ್ರೀಂ ಕೋರ್ಟ್, ವಿಚಾರಣೆಯ ಅತಿಯಾದ ವಿಳಂಬವಿದ್ದರೆ 37ನೇ ಸೆಕ್ಷನ್ ಜಾಮೀನಿಗೆ ಸಂಪೂರ್ಣ ಅಡ್ಡಿಯಾಗಲಾರದು ಎಂದಿತು.

ವ್ಯಸನಿಗೆ ಚಿಕಿತ್ಸೆಯ ಅವಕಾಶ

ಮಾರುವವನನ್ನೂ ಸೇವಿಸುವವನನ್ನೂ ಕಾಯ್ದೆ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುತ್ತಿರುವ ವ್ಯಸನಿಯು ಸ್ವಯಂಪ್ರೇರಣೆಯಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆಗೆ ಒಳಗಾದರೆ 64ಎ ಸೆಕ್ಷನ್ನಿನಡಿ ಮೊಕದ್ದಮೆಯಿಂದ ವಿನಾಯಿತಿ ಪಡೆಯಬಹುದು. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ವಿನಾಯಿತಿ ಹಿಂದೆಗೆದುಕೊಳ್ಳಲ್ಪಡಬಹುದು. ಅಪರಾಧಿಯೆಂದು ತೀರ್ಮಾನವಾದ ಬಳಿಕವೂ 39ನೇ ಸೆಕ್ಷನ್ನಿನಂತೆ ನ್ಯಾಯಾಲಯ ಅವನ ಒಪ್ಪಿಗೆ ಪಡೆದು ಸೆರೆಮನೆಯ ಬದಲು ಚಿಕಿತ್ಸೆಗೆ ಕಳುಹಿಸಬಹುದು. ಮಗನಿಗೆ ನಿಜವಾಗಿಯೂ ಚಟವಿದ್ದರೆ ಅದನ್ನು ಮುಚ್ಚಿಡುವ ಕುಟುಂಬ, ಕಾನೂನೇ ತೆರೆದಿಟ್ಟ ಬಾಗಿಲನ್ನು ತಾನಾಗಿ ಮುಚ್ಚಿಕೊಂಡಂತಾಗುತ್ತದೆ.

ಹಣವಿಲ್ಲದವರಿಗೂ ವಕೀಲರು

ಈ ಹಕ್ಕುಗಳು ಬಳಕೆಗೆ ಬರಬೇಕಾದರೆ ವಕೀಲರು ಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ನಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಬಂಧನದಲ್ಲಿರುವ ಯಾರೇ ಆದರೂ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯಗಳ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗಳಿವೆ. ಸಹಾಯವಾಣಿಯ ಸಂಖ್ಯೆ 15100. 2022ರಲ್ಲಿ ರೂಪುಗೊಂಡ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆಯಲ್ಲಿ, ಆರೋಪಿಗಳ ಪರ ವಾದಿಸುವುದನ್ನೇ ಪೂರ್ಣಾವಧಿ ಕೆಲಸವಾಗಿಸಿಕೊಂಡ ವಕೀಲರಿದ್ದಾರೆ.

ಇಂತಹವರ ಪರ ವಾದಿಸುವುದು ಸರಿಯೇ ಎಂಬ ಪ್ರಶ್ನೆ ಸಮಾಜದಲ್ಲಿ ಆಗಾಗ ಏಳುತ್ತದೆ. ಆರೋಪಿಯ ಪರ ಯಾರೂ ವಕಾಲತ್ತು ವಹಿಸಬಾರದೆಂದು ವಕೀಲರ ಸಂಘಗಳು ನಿರ್ಣಯ ಕೈಗೊಳ್ಳುವುದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ಹೇಳಿದೆ. ಸುಳ್ಳು ಶೋಧನೆ ನಡೆಸುವ ಅಧಿಕಾರಿಗೂ ಈ ಕಾಯ್ದೆಯ 58ನೇ ಸೆಕ್ಷನ್ ಶಿಕ್ಷೆ ವಿಧಿಸುತ್ತದೆ. ಎಲ್ಲ ಆರೋಪಿಗಳೂ ಅಪರಾಧಿಗಳಲ್ಲ ಎಂಬುದನ್ನು ಕಾಯ್ದೆ ರಚಿಸಿದವರೂ ಬಲ್ಲವರಾಗಿದ್ದರು.

ಹಾಸನದ ಆ ತಂದೆ ತಾಯಿ ಮೊದಲ ರಾತ್ರಿಯೇ ಮಾಡಬೇಕಾದದ್ದು ಇಷ್ಟು: ಮಗ ಯಾವ ಠಾಣೆಯಲ್ಲಿದ್ದಾನೆ, ಬಂಧನದ ವೇಳೆ ಯಾವುದು ಎಂದು ಬರೆದಿಟ್ಟುಕೊಳ್ಳುವುದು, ಖಾಲಿ ಹಾಳೆಗೆ ಸಹಿ ಹಾಕಬಾರದೆಂದು ಅವನಿಗೆ ತಿಳಿಸುವುದು, ಬೆಳಗಾಗುವುದರೊಳಗೆ ವಕೀಲರೊಬ್ಬರನ್ನು ಗೊತ್ತುಮಾಡುವುದು. ನೆಂಟರಿಗೆ ಏನು ಹೇಳಬೇಕೆಂಬ ಯೋಚನೆ ಅದಾದ ಮೇಲಿನದು.